ಹಾಲೆಂಡಿನ ಆಕಳು

"ಗೆದ್ದಲ ಹತ್ತಿತ್ತೇನ್ರಿ, ಮಾಸ್ತರ್ರ?" ಎಂದು ಮಲ್ಲಕ್ಕ ಕೇಳಿದಾಗ ಸಂಗನಬಸವನ ಕೈಯಲ್ಲಿದ್ದ ಚಿತ್ರದ ಚೌಕಟ್ಟು ಜಾರಿ ಬೀಳುವುದರಲ್ಲಿತ್ತು.

"ಇಲ್ರಿ ಅವ್ವಾರ. ಮೊಳಿ ಸಡ್ಲ ಆಗಿದ್ವು. ಬಿಗಿ ಮಾಡೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವನದು. ಸಂಶಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವವನಿಗೆ ಸುಳ್ಳು ಹೇಳುವ ಕಲೆ ಮಾತ್ರ ಇನ್ನೂ ಕೈಗೆ ಹತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಚಿತ್ರವನ್ನು ತೂಗುಹಾಕಿ ಬೆವರು ಒರೆಸಿಕೊಂಡ.

ಚಿತ್ರ ಹಾಲೆಂಡಿನದು. ಮಲ್ಲಕ್ಕನ ಮಾವ ಯಾವ ಕಾಲದಲ್ಲೋ ಹುಬ್ಬಳ್ಳಿಯಲ್ಲಿ ಸಾಹೇಬನೊಬ್ಬನ ಸಾಮಾನಿನ ಹರಾಜಿನಿಂದ ತಂದದ್ದು. ಜಲವರ್ಣ. ಹಳ್ಳಿಯ ಕೊಟ್ಟಿಗೆಯ ಒಳಭಾಗ, ಬೆಳಕಿಂಡಿಯಿಂದ ಇಳಿದ ಬಿಸಿಲು, ಮೇವು ಹಾಕುವ ಕಟ್ಟಿಗೆಯ ಗೋದಲಿಯ ಮುಂದೆ ನಿಂತ ಕಂದು ಆಕಳು. ಪ್ರತಿ ಸೋಮವಾರ ಬಸವಣ್ಣನ ಪೂಜೆ ಮುಗಿಸಿ ಮಲ್ಲಕ್ಕ ಈ ಆಕಳ ಮುಂದೆಯೂ ಒಂದು ಹಿಡಿ ಜೋಳದ ಕಣಿಕೆಯ ಮೇವು ಇಡುತ್ತಿದ್ದಳು. ಮನೆಯವರು ನಗುತ್ತಿದ್ದರು.

ಆರು ವರ್ಷದ ಹಿಂದೆ ಗಾಜು ಒಡೆದಾಗ ಅವಳು ನಂಬಿ ಕೊಟ್ಟದ್ದು ಸಂಗನಬಸವನ ಕೈಗೆ. ಆ ಬಿಸಿಲಿಗೆ ಅವನು ಮರುಳಾದ. ಮಾರುವ ಆಸೆಯಲ್ಲ, ದಿನವೂ ನೋಡಬೇಕೆಂಬ ಹಾಳು ಆಸೆ. ನಾಲ್ಕು ದಿನ ಕೂತು ನಕಲು ಬರೆದ, ಚಹಾದ ನೀರು ಬಳಿದು ಹಳೆಯದಾಗಿಸಿದ, ಹೊಸ ಗಾಜು ಹಾಕಿಸಿ ನಕಲನ್ನೇ ಮರಳಿಸಿದ. ಅಸಲು ಟ್ರಂಕಿನ ತಳ ಸೇರಿತು.

ಮುಂದಿನ ಸೋಮವಾರದಿಂದ ಮಲ್ಲಕ್ಕ ಕಣಿಕೆ ಇಡುವುದನ್ನು ನಿಲ್ಲಿಸಿದಳು.

ಒಂದು ಮಾತೂ ಕೇಳಲಿಲ್ಲ. ಎದುರಾದಾಗಲೆಲ್ಲ "ಚಹಾ ಕುಡದ ಹೋಗ್ರಿ" ಎನ್ನುತ್ತಿದ್ದಳು. ಆ ಮಮತೆಯೇ ಅವನನ್ನು ಸುಟ್ಟಿತು. ಅವಳಿಗೆ ಗೊತ್ತಾಗಿದೆ, ನಕಲಿಗೆ ಯಾರು ಕೈಮುಗಿಯುತ್ತಾರೆ ಎಂದು ಒಳಗೊಳಗೇ ನಾಚಿ ಸತ್ತ. ಟ್ರಂಕು ತೆಗೆದು ಅಸಲನ್ನು ನೋಡುವ ಧೈರ್ಯ ಒಮ್ಮೆಯೂ ಬರಲಿಲ್ಲ. ಕದ್ದವನಿಗೆ ಕದ್ದದ್ದೂ ದಕ್ಕಲಿಲ್ಲ.

ಕೊನೆಗೆ ಮೊನ್ನೆ ಮೊಳೆಯ ನೆಪ ಹೇಳಿ ಚಿತ್ರ ಒಯ್ದ. ನಕಲನ್ನು ಕಣ್ಣೆತ್ತಿಯೂ ನೋಡದೆ ಹರಿದು ಒಲೆಗೆ ಹಾಕಿದ. ಅಸಲನ್ನು ಚೌಕಟ್ಟಿಗೆ ಸೇರಿಸಿ ಇವತ್ತು ತಂದಿದ್ದ.

ಇವತ್ತು ಸೋಮವಾರ. ಮಲ್ಲಕ್ಕ ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಹಿತ್ತಲಿಗೆ ಹೋದಳು. ಒಂದು ಹಿಡಿ ಕಣಿಕೆ ತಂದು ಚಿತ್ರದ ಕೆಳಗಿಟ್ಟಳು.

ಸಂಗನಬಸವನ ಎದೆಯ ಭಾರ ಇಳಿಯಿತು. ಪಾಪ ತೊಳೆದುಹೋಯಿತು ಎಂದುಕೊಂಡ. ಕಣ್ಣು ತುಂಬಿ ಬಂತು.

ತಿರುಗಿ ನೋಡಿದ ಮಲ್ಲಕ್ಕನ ಕಣ್ಣಲ್ಲೂ ನೀರಿತ್ತು.

"ಅವತ್ತ ಗಾಜ ಹಾಕ್ಸಿ ತಂದಾಗ ನೋಡಿದೆ, ಖಾಲಿ ಗ್ವಾದಲ್ಯಾಗ ನೀವು ಮೇವು ಬರದಿದ್ರಿ. ಮೂಕ ಪ್ರಾಣಿ ಹಸಿವು ಈ ಮನಷ್ಯಾಗರೆ ತಿಳೀತಲ್ಲ ಅಂತ, ಆರು ವರ್ಷ ದಿನಾ ನಿಮ್ಮ ಹೆಸರಿಲೆ ದೀಪಾ ಹಚ್ಚೀನಿ."

ಒಕ್ಕಲುಮನೆಯಲ್ಲಿ ಹುಟ್ಟಿದ ಅವನ ಕೈ, ದನದ ಮುಂದೆ ಬರಿದಾದ ಗೋದಲಿ ಬರೆಯಲು ಒಪ್ಪದೆ, ಅವನಿಗೇ ತಿಳಿಯದಂತೆ ಅದನ್ನು ತುಂಬಿಸಿತ್ತು.

"ಈಗ ಅದರ ಬಾಯಾಗಿಂದು ಯಾಕ ಕಸಗೊಂಡ್ರಿ, ಮಾಸ್ತರ್ರ?"