ಯಮನೂರಪ್ಪನ ಮಧ್ಯಾಹ್ನದ ಅರ್ಧ ತಾಸು

ಚಹಾ ಕುಡಿಯುತ್ತಲೇ ಓದಿ ಮುಗಿಸಬಹುದು... ಆಮೇಲೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾದೀತು.

ಇಳಕಲ್ಲಿನಲ್ಲಿ ವಿರೂಪಾಕ್ಷಪ್ಪ ಅಂತ ಒಬ್ಬ ಸೀರೆ ಸಾಹುಕಾರರು. ಅನುಮಾನ ಅವರಿಗೆ ಹುಟ್ಟಿನಿಂದಲೇ ಬಂದದ್ದು.

ಹೆಂಡತಿ ಚಹಾಕ್ಕೆ ಚಮಚ ಸಕ್ಕರೆ ಹೆಚ್ಚು ಹಾಕಿದರೆ, “ಇವತ್ತೇನು ಕೇಳಾಕಿದ್ದಿ?” ಅನ್ನುವ ಮನುಷ್ಯ!

ಅವರ ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ನೇಯುತ್ತಿದ್ದವನು ಯಮನೂರಪ್ಪ. ಈ ಸಲ ಸೀರೆಯಂಚಿನ ಹೊಸ ದಡಿಯ ಡಿಸೈನ್ ಅವನ ಕೈಗೇ ಕೊಟ್ಟಿದ್ದರು... ಕೊಟ್ಟ ದಿನದಿಂದಲೇ ಸಾಹುಕಾರರ ನಿದ್ದೆ ಹಾರಿಹೋಯಿತು.

ಎದುರಾಳಿ ಸಾಹುಕಾರನಿಗೆ ಡಿಸೈನ್ ತೋರಿಸಿಬಿಟ್ಟರೆ?

ದಿನವಿಡೀ ಅವನ ಬೆನ್ನ ಹಿಂದೆಯೇ ನಿಂತು ನೋಡತೊಡಗಿದರು.

ಅವರ ಅನುಮಾನಕ್ಕೆ ತಕ್ಕ ಹಾಗೆ ಎಳೆಗಳು ಹರಿಯತೊಡಗಿದವು. ಇಳಕಲ್ ಸೀರೆಗೆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಮೂವತ್ತು ವರ್ಷ ತಪ್ಪದ ಕೈ ಈಗ ತಪ್ಪುತ್ತಿದೆ ಅಂದರೆ... ಬೇಕಂತಲೇ ಕೆಡಿಸುತ್ತಿದ್ದಾನೆ!

ಸಾಲದ್ದಕ್ಕೆ, ಶೆಡ್ಡಿನಲ್ಲೇ ಬುತ್ತಿ ಉಂಡು ದಿನಾ ಅರ್ಧ ತಾಸು ಮಾಯವಾಗುತ್ತಿದ್ದ. ಕೇಳಿದರೆ, “ಮನಿಗೆ ಹೋಗಿದ್ನಿರಿ” ಅನ್ನುತ್ತಿದ್ದ.

ಊಟ ಇಲ್ಲೇ ಆಗಿದೆ. ಮತ್ತೆ ಮನೆಗೆ ಯಾಕೆ?

ಒಂದು ದಿನ ಸಾಹುಕಾರರು ಹಿಂದೆಯೇ ಹೋದರು. ಸಿಕ್ಕಿಬಿದ್ದರೆ ಇವತ್ತೇ ಕೆಲಸದಿಂದ ತೆಗೆಯುವುದು ಅಂತ ಮನಸ್ಸಿನಲ್ಲೇ ತೀರ್ಮಾನಿಸಿ, ಕಳ್ಳನ ಹಾಗೆ ಅವನ ಮನೆಯ ಕಿಟಕಿಗೆ ಕಣ್ಣಿಟ್ಟರು.

ಒಳಗೆ ಬೇರೆ ಯಾರೂ ಇರಲಿಲ್ಲ... ಯಮನೂರಪ್ಪ ನೆಲದ ಮೇಲೆ ಕೂತಿದ್ದ. ಎದುರಿಗೆ ಹಳೆಯ ಕೌದಿಯ ಮೇಲೆ ಅವನು ಸಾಕಿದ ಬೆಕ್ಕು, ಮೂರು ಮರಿಗಳು.

ತಾಯಿ ಬೆಕ್ಕು ಒಂದು ಮರಿಯನ್ನು ನೆಕ್ಕುತ್ತಿತ್ತು. ಇನ್ನೊಂದು ತನ್ನ ಬಾಲವನ್ನೇ ಹಿಡಿಯಲು ಹೋಗಿ ಉರುಳಿಬಿತ್ತು. ಮೊಣಕಾಲ ಮೇಲಿದ್ದ ಯಮನೂರಪ್ಪನ ಕೈಗಳು ನಡುಗುತ್ತಿದ್ದವು...

ನೋಡನೋಡುತ್ತ ಆ ನಡುಕ ಇಳಿಯಿತು.

ವಿಚಿತ್ರವೆಂದರೆ, ಕಿಟಕಿಯಾಚೆ ನಿಂತಿದ್ದ ಸಾಹುಕಾರರ ಉಸಿರೂ ಹಗುರವಾಯಿತು. ಬೈಯಲು ಬಂದಿದ್ದನ್ನೇ ಮರೆತು ನಕ್ಕುಬಿಟ್ಟರು.

ನಗು ಕೇಳಿ ಯಮನೂರಪ್ಪ ಗಾಬರಿಯಿಂದ ಎದ್ದ.

“ತಪ್ಪಾತ್ರಿ ಸಾವಕಾರ್ರ. ಕೊಂಡಿ ಹಾಕೂ ಮುಂದ ಕೈ ನಡಗತಾವ್ರಿ. ಇವನ್ನ ನೋಡ್ಕೋತ ಕುಂತ್ರ ನಿಲ್ತಾವ... ಅದಕ್ಕ ಬರ್ತೀನಿ.”

“ಮತ್ತ ಡಾಕ್ಟರಿಗೆ ತೋರಿಸಬೇಕಿಲ್ಲೇನೋ?”

“ತೋರಿಸೀನ್ರಿ. ರೋಗ ಏನಿಲ್ಲ ಅಂದ್ರು. ಮನ್ಯಾಗ ಶುರು ಆಗಂಗಿಲ್ರಿ... ಶುರು ಆಗೂದು ಮಗ್ಗದ ಮುಂದ ಅಷ್ಟ.”

“ಯಾಕ?”

ಯಮನೂರಪ್ಪ ತಲೆ ತಗ್ಗಿಸಿದ.

“ನೀವು ಹಿಂದ ನಿಂತಿರ್ತೀರಲ್ರಿ... ಈ ಬೆಕ್ಕೂ ನನ್ನ ನೋಡ್ತೈತ್ರಿ. ಆದ್ರ ಕಳ್ಳನ್ನ ನೋಡಿದಂಗ ನೋಡಂಗಿಲ್ಲ.”

ಸಾಹುಕಾರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಷ್ಟು ದಿನ ಎಳೆ ಹರಿದದ್ದು ಯಾರಿಂದ ಅಂತ ಈಗ ಗೊತ್ತಾಯಿತು... ಕಣ್ಣು ತುಂಬಿ ಬಂತು.

“ನನ್ನಿಂದ ತಪ್ಪಾತಪಾ ಯಮನೂರಾ” ಅಂದವರೇ, ಬಿಳಿ ಧೋತರ ಹೊಲಸಾದೀತೆಂದೂ ನೋಡದೆ ಅವನ ಪಕ್ಕ ನೆಲದ ಮೇಲೆ ಕೂತರು.

ಇಬ್ಬರೂ ಬೆಕ್ಕಿನ ಮರಿಗಳನ್ನು ನೋಡುತ್ತ ಕೂತರು... ಸಾಹುಕಾರರು ಮಗ್ಗುಲಲ್ಲೇ ಇದ್ದರೂ ಯಮನೂರಪ್ಪನ ಕೈ ಅವತ್ತು ನಡುಗಲಿಲ್ಲ.

*ನಂಬಿ ನೋಡುವ ಕಣ್ಣೆದುರು ಮಾತ್ರ ಮನುಷ್ಯನ ಕೈ ಸ್ಥಿರವಾಗಿರುತ್ತದೆ.*

ನಿಮ್ಮ ನೋಟಕ್ಕೆ ಹೆದರಿ ಇವತ್ತು ಯಾರ ಕೈ ನಡುಗುತ್ತಿದೆ... ಒಮ್ಮೆ ಯೋಚಿಸಿದ್ದೀರಾ?