ಯಾವ ಗಳಿಗೆಯಲ್ಲಾದರೂ ಹೊರಡಬಹುದು

ಮಾರ್ಲಿಸ್ ಕಾರಿನಿಂದ ಇಳಿದು ಬಾಗಿಲನ್ನು ದಡಾರನೆ ಬಡಿದಳು. ರೈಲು ನಿಂತಲ್ಲೇ ನಿಂತಿತ್ತು. ಎರಡು ಗಂಟೆಯಿಂದ ಗೇಟಿನ ಗಂಟೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕೇಳಿ ಕೇಳಿ ಅವಳ ತಲೆ ಚಿಟ್ಟುಹಿಡಿದಿತ್ತು.

ಹಳಿಯಾಚೆ ಮೂರನೇ ಮನೆ ಅಕ್ಕ ವರ್ನಾಳದು. ಬೋಗಿಗಳ ಸಂದಿಯಲ್ಲಿ ಅದರ ಮೆಟ್ಟಿಲು ಕಾಣುತ್ತಿತ್ತು. ಬೆಳಗಿನ ಗಾಳಿಗೆ ಆ ಕಡೆಯ ಕರೆಂಟು ಹೋಗಿ ವರ್ನಾಳ ಆಮ್ಲಜನಕದ ಯಂತ್ರ ನಿಂತಿತ್ತು. ಮನೆಯಲ್ಲಿದ್ದ ಸಿಲಿಂಡರು ನಾಲ್ಕು ಗಂಟೆಯವರೆಗೆ ಬಂದರೆ ಹೆಚ್ಚು. ಹೊಸದು ಇಲ್ಲಿ, ಮಾರ್ಲಿಸಳ ಕಾರಿನಲ್ಲಿ. ಈಗ ಮೂರೂ ನಲವತ್ತು.

ಇಂಡಿಯಾನಾದ ಆ ಪುಟ್ಟ ಊರಿಗೆ ಇದ್ದುದು ಮೂರೇ ಗೇಟು. ಎರಡೂವರೆ ಮೈಲಿ ಉದ್ದದ ಗೂಡ್ಸು ಮೂರನ್ನೂ ಮುಚ್ಚಿತ್ತು. ಆಂಬುಲೆನ್ಸಿನವರೂ ಈ ಬದಿಯವರೇ. ಹೆದ್ದಾರಿ ಸೇತುವೆ ಸುತ್ತಿಕೊಂಡು ಈಗಷ್ಟೇ ಹೊರಟಿದ್ದರು, ತಲುಪಲು ಮುಕ್ಕಾಲು ಗಂಟೆ ಬೇಕು. ಹಾಳಾಗಿ ಹೋಗಲಿ ಈ ಕಂಪನಿ! ಲಾಭಕ್ಕೆಂದು ರೈಲನ್ನು ಉದ್ದ ಮಾಡಿದರು, ಆಳುಗಳನ್ನು ಇಬ್ಬರಿಗೆ ಇಳಿಸಿದರು, ಊರನ್ನು ಎರಡು ಹೋಳು ಮಾಡಿದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಅವಳ ಮುಂದೆ ಒಂದು ಬಿಳಿ ವ್ಯಾನು. ಒಳಗೆ ಇಬ್ಬರು ಗಂಡಸರು ಡೋನಟ್ ತಿನ್ನುತ್ತಾ ಕೂತಿದ್ದರು. ಕಾಲ ಬಳಿ ಲಾಟೀನು, ಬುತ್ತಿ ಚೀಲ, ದಪ್ಪ ಬೂಟು. ಮೀನು ಹಿಡಿಯಲು ಹೊರಟವರಿರಬೇಕು. ಇಂಥವರಿಗೆ ಊರು ಹೊತ್ತಿ ಉರಿದರೂ ತಿಂಡಿಯದೇ ಚಿಂತೆ.

ಗೇಟಿನ ಕಂಬದ ನೀಲಿ ಫಲಕದಲ್ಲಿದ್ದ ನಂಬರಿಗೆ ಅವಳು ಐದನೇ ಸಲ ಫೋನು ಮಾಡಿದಳು.

"ರೈಲಿಗೆ ಏನೂ ಆಗಿಲ್ಲಮ್ಮ," ಎಂದಿತು ಕಂಟ್ರೋಲ್ ರೂಮಿನ ದನಿ. "ಗಾಲಿ, ಬ್ರೇಕು ಎಲ್ಲಾ ಇಲ್ಲಿ ಪರದೆ ಮೇಲೆ ಕಾಣ್ತಿದೆ. ಓಡಿಸೋರ ಹನ್ನೆರಡು ಗಂಟೆ ಡ್ಯೂಟಿ ಮುಗೀತು. ಇನ್ನು ಅವರು ಅದನ್ನ ಮುಟ್ಟೋ ಹಾಗಿಲ್ಲ, ಕಾನೂನು."

"ನಿಮ್ಮ ಕಾನೂನು ನಮ್ಮಕ್ಕನ ಉಸಿರಿಗೆ ಗೊತ್ತೇನ್ರೀ?"

"ಬದಲಿಯವರು ಆಗಲೇ ತಲುಪಿದ್ದಾರೆ ಕಣಮ್ಮ. ಪರದೇಲಿ ಅವರ ಚುಕ್ಕಿ ರೈಲಿನ ಪಕ್ಕದಲ್ಲೇ ಇದೆ. ಯಾವ ಗಳಿಗೆಯಲ್ಲಾದ್ರೂ ಹೊರಡಬಹುದು. ಬೋಗಿ ಕೆಳಗೆ ಮಾತ್ರ ನುಗ್ಗಬೇಡಿ."

ಐದು ಸಲವೂ ಇದೇ ಉತ್ತರ. ಈಗ ಹೊರಡುತ್ತದೆ ಎಂದು ನಂಬಿಯೇ ಅವಳು ಸೇತುವೆ ಸುತ್ತಲು ಹೋಗದೆ ಕಾದಿದ್ದಳು. ನುಗ್ಗಬೇಡಿ ಎಂಬ ಕೊನೆಯ ಮಾತೂ ಅವಳನ್ನು ಕಟ್ಟಿಹಾಕಿತ್ತು. ಹೋದ ಚಳಿಗಾಲದಲ್ಲಿ ಹೀಗೇ ನುಸುಳಲು ಹೋದಾಗ ರೈಲು ಹೊರಟು, ಅಂಚೆಯವನು ಕಾಲು ಕಳೆದುಕೊಂಡಿದ್ದ.

ಮೂರೂ ಐವತ್ತು. ಮಾರ್ಲಿಸ್ ಕರೆ ಮಾಡಿದಾಗ ವರ್ನಾ ಫೋನು ಎತ್ತಿದಳು. ಮಾತು ಬರಲಿಲ್ಲ, ಸುಯ್ಯೆನ್ನುವ ಉಸಿರಷ್ಟೇ ಕೇಳಿಸಿತು.

ಮಾರ್ಲಿಸ್ ಸಿಲಿಂಡರನ್ನು ಎದೆಗೆ ಅವುಚಿಕೊಂಡು ಹಳಿಯತ್ತ ನಡೆದಳು. ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿತ್ತು. ವ್ಯಾನಿನಿಂದ ಗಡ್ಡದವನೊಬ್ಬ ಜಿಗಿದು ಬಂದು ಅವಳ ತೋಳು ಹಿಡಿದ.

"ಹುಚ್ಚೇನಮ್ಮ ನಿಮಗೆ? ರೈಲಿನ ಕೆಳಗೆ ಯಾರಾದ್ರೂ ನುಗ್ತಾರಾ?"

"ಬಿಡ್ರೀ ಕೈ! ಎರಡು ಗಂಟೆಯಿಂದ ತಿಂತಾ ಕೂತೋರಿಗೆ ಈಗ ಕಾಳಜಿ ಬಂತಾ? ನಿಮಗೆ ಸಿಟ್ಟಾದ್ರೂ ಬರಲ್ವಾ?"

"ಬಂದು ಏನ್ಮಾಡೋಣ? ಎಂಜಿನ್ನು ಎರಡು ಮೈಲಿ ಮುಂದೆ, ಹೊಳೆ ದಾಟಿ. ಅಲ್ಲಿಗೆ ರಸ್ತೆ ಹೋಗೋದು ಹಳಿಯ ಆ ಕಡೆಯಿಂದ್ಲೇ. ಬೋಗಿ ಸಂದಿ ಹತ್ತಿಳಿದ್ರೆ ನಮ್ಮ ಕೆಲಸ ಹೋಗುತ್ತೆ. ಸೇತುವೆ ಸುತ್ತಿ ಹೋಗ್ತೀವಿ ಅಂತ ಆಫೀಸಿಗೆ ಫೋನ್ ಮಾಡಿದ್ರೆ, ತಲುಪಿದೀರಲ್ಲ, ಹತ್ತಿ ಅಂತಾರೆ."

ಮಾರ್ಲಿಸ್ ಅವನ ಬೂಟನ್ನು ನೋಡಿದಳು. ವ್ಯಾನಿನೊಳಗಿನ ಲಾಟೀನನ್ನು ನೋಡಿದಳು.

"ಇದನ್ನ ಓಡಿಸಬೇಕಾದ ಬದಲಿಯವರು... ನೀವಾ?"

"ನಾವೇ." ಗಡ್ಡದವನು ತಲೆ ತಗ್ಗಿಸಿದ.

"ನಿಮ್ಮಿಬ್ಬರನ್ನ ಬಿಟ್ಟು ಬೇರೆ ಯಾರಾದ್ರೂ ಓಡಿಸ್ತಾರಾ?"

"ಯಾರೂ ಇಲ್ಲ."

"ಹಾಗಾದ್ರೆ ಇಬ್ಬರೂ ಇಲ್ಲೇ ನಿಂತಿರಿ," ಎಂದವಳೇ ಮಾರ್ಲಿಸ್ ಬೋಗಿಯ ಕೆಳಗೆ ನುಗ್ಗಿದಳು.