ಎಮ್ಮೆ ಕರೆಯುವ ಕೂಗು

ಪೇಪರ್ ಅಚ್ಚಾದರೆ ಅದರೊಳಗಿನ ಸಂಗತಿ ಜರ್ನಲ್ಲಿನವರ ಸ್ವತ್ತು. ಬರೆದವರ ತಲೆಯಿಂದ ಅಂದೇ ಅಳಿಸಿಹೋಗುತ್ತಿತ್ತು. ನೂರಾರು ಪೇಪರ್ ಬರೆದಿದ್ದ ಗೈಡ್ ಕರಡಿಗುಡ್ಡ ಸರ್, ತಾವು ಯಾವ ವಿಭಾಗದ ಪ್ರಾಧ್ಯಾಪಕರೆಂದು ಬಾಗಿಲ ಫಲಕ ಓದಿ ತಿಳಿದುಕೊಳ್ಳುತ್ತಿದ್ದರು.

“ಇದು ನಮ್ಮವ್ವ ಎಮ್ಮಿ ಕರಿಯೋ ಕೂಗು ಸರ್. ನಾನೂ ಅದನ್ನ ಕೂಗಿ ಬೆಳದಾಕಿ. ಕೊಡಾಕ ಮನಸಾಗವಲ್ದು,” ಎಂದಳು, ಬರೆದ ಪೇಪರ್ ಕೈಯಲ್ಲೇ ಹಿಡಿದಿದ್ದ ಅವರ ವಿದ್ಯಾರ್ಥಿನಿ ನೀಲಮ್ಮ.

“ನೌಕರಿ ಬ್ಯಾಡೇನವಾ?”

ಬೇಕಿತ್ತು. ಪೇಪರ್ ಅಚ್ಚಾಯಿತು, ನೌಕರಿಯೂ ಆಯಿತು. ನೀಲಮ್ಮ ಪೇಢೆ ಹಿಡಿದು ಊರಿಗೆ ಹೋದಳು.

ಸಂಜೆ ಹಿತ್ತಲಲ್ಲಿ ಅವ್ವ, “ಇವತ್ತ ಎಮ್ಮಿಗೋಳನ್ನ ನೀನ ಕರಿ,” ಎಂದಳು.

ನೀಲಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಅವ್ವ ತಾನೇ ಕೂಗಿದಳು. ದೂರದಲ್ಲಿ ಮೇಯುತ್ತಿದ್ದ ಎಮ್ಮೆಗಳು ತಲೆಯೆತ್ತಿ ಮನೆ ಕಡೆ ಹೊರಟವು.

ನೀಲಮ್ಮ ಬೆರಗಾದಳು.

“ಯವ್ವಾ, ಎಲ್ಲಿ ಕಲ್ತಿ ಇದನ್ನ? ಇದರ ಮ್ಯಾಲೆ ಒಂದು ಪೇಪರ್ ಬರೀಬಹುದಲ್ಲ.”